ಐವತ್ತು ಡಾಲರಿನ ಪುಣ್ಯ

ಇದನ್ನು ಬರೆಯಬೇಕು ಅಂದುಕೊಂಡು ತುಂಬಾ ದಿನ ಆಯ್ತು. ಎರಡು ಸಲ ಶುರು ಮಾಡಿ ನಿಲ್ಲಿಸಿದ್ದೆ. ಒಂದು ಸಲ ಬರೆದದ್ದು ತೀರಾ ಕಹಿ ಅನ್ನಿಸಿತು, ಇನ್ನೊಂದು ಸಲ ತೀರಾ ಸಿಹಿ. ಈವತ್ತು ಭಾನುವಾರ, ಬೆಳಿಗ್ಗೆಯಿಂದ ಕರೆಂಟಿಲ್ಲ, ಲ್ಯಾಪ್‌ಟಾಪಿನಲ್ಲಿ ಇನ್ನು ಎರಡು ಗಂಟೆಯ ಚಾರ್ಜ್ ಇದೆ. ಅಷ್ಟರೊಳಗೆ ಮುಗಿಸಿಬಿಡೋಣ ಅಂತ ಕೂತಿದ್ದೀನಿ.

2024ರಲ್ಲಿ ಎಂಟು ತಿಂಗಳು ಆನ್‌ಸೈಟ್ ಅಂತ ಅಮೆರಿಕದ ಡಲ್ಲಾಸ್‌ನಲ್ಲಿದ್ದೆ. ಆ ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮ ಟೀಮಿನ ಹಿರಿಯರೊಬ್ಬರು ನನ್ನ ಸೀಟಿನ ಹತ್ತಿರ ಬಂದು, ಒಂದು ಥರಾ ಸಂಕೋಚದಿಂದ, ಒಂದು ಕವರ್ ಕೊಟ್ಟರು. ಐವತ್ತೈದರ ಆಸುಪಾಸಿನ ಮನುಷ್ಯ. ಡೇಟಾಬೇಸ್ ವಿಷಯದಲ್ಲಿ ನನಗೆ ಗುರು ಸಮಾನ. ಏನೋ ಮದುವೆ ಕರೆಯೋಲೆ ಇರಬೇಕು ಅಂದುಕೊಂಡೆ. ತೆಗೆದು ನೋಡಿದರೆ ಅವರ ಮಗಳ ಫೋಟೋ, ಅದರ ಕೆಳಗೆ ಒಂದು ಪತ್ರ. ಹುಡುಗಿಗೆ ಹತ್ತೊಂಬತ್ತು ವರ್ಷ, ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ. ಈ ಬೇಸಿಗೆ ರಜೆಯಲ್ಲಿ ಎಂಟು ವಾರ ಮಧ್ಯ ಅಮೆರಿಕದ ಹೊಂಡುರಾಸ್ ದೇಶಕ್ಕೆ ಮಿಷನ್ ಕೆಲಸಕ್ಕೆ ಹೋಗುತ್ತಾಳಂತೆ. ಮಕ್ಕಳಿಗೆ ಬೈಬಲ್ ಕತೆ ಹೇಳುವುದು, ಶಾಲೆಗೊಂದು ಕೊಠಡಿ ಕಟ್ಟುವುದು, ಊರಿನ ಕ್ಲಿನಿಕ್ಕಿನಲ್ಲಿ ಕೈಜೋಡಿಸುವುದು. ಒಟ್ಟು ಖರ್ಚು 4,200 ಡಾಲರ್. ಪತ್ರದ ಕೊನೆಗೆ ಮೂರು ಚೌಕಗಳು: ನಾನು ನಿನಗಾಗಿ ಪ್ರಾರ್ಥನೆ ಮಾಡುತ್ತೇನೆ, ನಾನು ಹಣ ಕೊಡುತ್ತೇನೆ, ಎರಡೂ ಮಾಡುತ್ತೇನೆ. ಬೇಕಾದ್ದಕ್ಕೆ ಟಿಕ್ ಹಾಕಿ ಕಳಿಸಬೇಕು.

ಅಲ್ಲಿನ ಚರ್ಚುಗಳಲ್ಲಿ ಇದು ಮಾಮೂಲು ಪದ್ಧತಿ ಅಂತ ಆಮೇಲೆ ಗೊತ್ತಾಯ್ತು. ಹುಡುಗರು ಹುಡುಗಿಯರು ಬೇಸಿಗೆಗೆ ಮುಂಚೆ ನೆಂಟರಿಗೆ, ನೆರೆಯವರಿಗೆ, ಅಪ್ಪನ ಆಫೀಸಿನವರಿಗೆಲ್ಲ ಇಂಥ ಪತ್ರ ಬರೆದು ದುಡ್ಡು ಕೂಡಿಸುತ್ತಾರೆ. ಕಾರು ತೊಳೆದುಕೊಡುತ್ತಾರೆ, ಕೇಕ್ ಬೇಯಿಸಿ ಮಾರುತ್ತಾರೆ. ನಮ್ಮಲ್ಲಿ ಗಣೇಶನ ಚಂದಾ ಎತ್ತುವ ಹುಡುಗರಿಗಿಂತ ಶಿಸ್ತು ಜಾಸ್ತಿ, ಉತ್ಸಾಹ ಅಷ್ಟೇ :-)

ಮೊದಲ ಚೌಕಕ್ಕೆ ಟಿಕ್ ಹಾಕುವುದು ನನ್ನ ಕೈಲಾಗುತ್ತಿರಲಿಲ್ಲ. ಎರಡನೆಯದಕ್ಕೆ ಹಾಕಿ ಐವತ್ತು ಡಾಲರ್ ಕೊಟ್ಟೆ. ಯಾಕೆ ಕೊಟ್ಟೆ? ಧರ್ಮಬುದ್ಧಿಯಿಂದ ಏನಲ್ಲ. ದಿನಾ ಮುಖ ನೋಡುವವರು, ಇಲ್ಲ ಅನ್ನೋಕೆ ಆಗಲಿಲ್ಲ. ಅಷ್ಟೇ.

ಆ ರಾತ್ರಿ ಫೋನಿನಲ್ಲಿ ಅಮ್ಮನಿಗೆ ಹೇಳಿದೆ.

"ಐವತ್ತು ಡಾಲರ್ ಅಂದ್ರೆ ಎಷ್ಟೋ?"

"ನಾಲ್ಕು ಸಾವಿರದ ಮೇಲೆ ಆಗುತ್ತೆ ಅಮ್ಮ."

"ಯಾವುದೋ ಹುಡುಗಿ ದೇಶ ಸುತ್ತೋಕೆ ನೀನ್ಯಾಕೋ ಕೊಟ್ಟೆ? ಇಲ್ಲಿ ನಮ್ಮ ಶಾಲೆ ಮಾಡು ಸೋರ್ತಾ ಇದೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಅವಳೇ, "ಹೋಗ್ಲಿ ಬಿಡು. ನೀನು ಹುಟ್ಟಿದ್ದೂ ಮಿಷನ್ ಆಸ್ಪತ್ರೇಲೇ. ಆ ಋಣ ತೀರಿಸ್ದೆ ಅಂದ್ಕೋ" ಅಂದಳು.

ಅಮ್ಮನ ಈ ಎರಡು ಮಾತಿನ ನಡುವೆ ನಾನು ಆವತ್ತಿನಿಂದ ಓಡಾಡ್ತಾ ಇದ್ದೀನಿ. ಮಾಡು ಸೋರುವ ಶಾಲೆ ಒಂದು ಕಡೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಂದರೆ ನಮ್ಮ ಕಡೆಯ ಜನರ ಬಾಯಲ್ಲಿ ಬರೀ ಮಿಷನ್ ಆಸ್ಪತ್ರೆ, ಇನ್ನೊಂದು ಕಡೆ. 1906ರಲ್ಲಿ ಶುರುವಾದದ್ದು ಅದು. ಪಿರಿಯಾಪಟ್ಟಣದಿಂದ ಅಜ್ಜಿ ಬಸ್ಸಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಅಲ್ಲಿಗೆ ಹೋದಾಗ ಯಾರೂ ಅವರ ಜಾತಿ ಕೇಳಲಿಲ್ಲ, ದೇವರನ್ನೂ ಕೇಳಲಿಲ್ಲ ಅನ್ನುವುದು ನಮ್ಮ ಮನೆಯ ಕತೆ.

*

ಈ ಬೇಸಿಗೆ ಮಿಷನ್ ಅನ್ನುವುದು ಹಳೇ ಕಾಲದ ಮಿಷನರಿಗಳ ವಿಷಯ ಅಲ್ಲ. ಹಳಬರು ಹಡಗು ಹತ್ತಿದರೆ ವಾಪಸ್ಸು ಬರುವ ಗ್ಯಾರಂಟಿ ಇರುತ್ತಿರಲಿಲ್ಲ. ಇವರು ರಿಟರ್ನ್ ಟಿಕೆಟ್ ಇಟ್ಟುಕೊಂಡೇ ಹೋಗುವವರು. ಶುರುವಾದದ್ದೂ ಈಚೆಗೇ. 1957ರ ಬೇಸಿಗೆಯಲ್ಲಿ ಜಾರ್ಜ್ ವರ್ವರ್ ಎಂಬ ಕಾಲೇಜು ಹುಡುಗ ಇಬ್ಬರು ಗೆಳೆಯರ ಜೊತೆ ಗಾಡಿ ತುಂಬಾ ಸ್ಪ್ಯಾನಿಷ್ ಧಾರ್ಮಿಕ ಪುಸ್ತಕ ತುಂಬಿಕೊಂಡು ಮೆಕ್ಸಿಕೋಗೆ ಹೋದ. ಅದೇ ಮುಂದೆ ಆಪರೇಷನ್ ಮೊಬಿಲೈಸೇಷನ್ ಎಂಬ ಸಂಸ್ಥೆಯಾಗಿ ಬೆಳೆದು ಭಾರತಕ್ಕೂ ಬಂತು. 1960ರಲ್ಲಿ ಲೋರೆನ್ ಕನಿಂಗ್‌ಹ್ಯಾಮ್ ಎಂಬಾತ ಯೂತ್ ವಿತ್ ಎ ಮಿಷನ್ ಶುರು ಮಾಡಿದ. ವಿಮಾನದ ಟಿಕೆಟ್ ಅಗ್ಗವಾಗ್ತಾ ಹೋದ ಹಾಗೆ ಹೋಗುವವರೂ ಜಾಸ್ತಿಯಾದರು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ 2000ದ ದಶಕದಲ್ಲಿ ಹಾಕಿದ ಅಂದಾಜಿನ ಪ್ರಕಾರ ಅಮೆರಿಕದ ಚರ್ಚುಗಳಿಂದ ವರ್ಷಕ್ಕೆ ಸುಮಾರು 16 ಲಕ್ಷ ಜನ ಹೀಗೆ ಹೊರದೇಶಕ್ಕೆ ಹೋಗಿ ಬರುತ್ತಿದ್ದರು. ಹೆಚ್ಚಿನವರದ್ದು ಒಂದು ವಾರ, ಹತ್ತು ದಿನದ ಪ್ರವಾಸ. ಎಂಟು ವಾರ ಹೋದ ನಮ್ಮ ಹುಡುಗಿ ಆ ಲೆಕ್ಕದಲ್ಲಿ ದೊಡ್ಡ ತಪಸ್ವಿನಿಯೇ.

ಜೂನ್ ತಿಂಗಳಲ್ಲಿ ಡಲ್ಲಾಸ್ ವಿಮಾನ ನಿಲ್ದಾಣಕ್ಕೆ ಯಾರನ್ನೋ ಬಿಡಲು ಹೋಗಿದ್ದೆ. ಒಂದೇ ಬಣ್ಣದ ಟೀ ಶರ್ಟ್ ಹಾಕಿದ ಮೂರು ಗುಂಪುಗಳನ್ನು ನೋಡಿದೆ. ಶರ್ಟಿನ ಬೆನ್ನ ಮೇಲೆ ಬೈಬಲಿನ ವಚನದ ಸಂಖ್ಯೆ, ಹೋಗುವ ದೇಶದ ಹೆಸರು. ನಮ್ಮ ಕಡೆ ಅಯ್ಯಪ್ಪ ಸ್ವಾಮಿಗಳು ಒಟ್ಟಿಗೆ ಹೊರಡುವಾಗ ಇರುತ್ತಲ್ಲ ಒಂದು ಸಂಭ್ರಮ, ಥೇಟ್ ಅದೇ. ಸತ್ಯ ಹೇಳಬೇಕೆಂದರೆ ನೋಡಲು ಚೆನ್ನಾಗಿತ್ತು. ಫೋನು ಬಿಟ್ಟು ತಲೆ ಎತ್ತದ ವಯಸ್ಸಿನ ಹುಡುಗರು ರಜೆಯಲ್ಲಿ ಇನ್ನೊಬ್ಬರಿಗೆ ಏನಾದರೂ ಮಾಡೋಣ ಅಂತ ಹೊರಟಿದ್ದರು. ಅದನ್ನು ಆಡಿಕೊಳ್ಳುವುದು ಸುಲಭ, ನನಗೆ ಮನಸ್ಸು ಬರಲಿಲ್ಲ.

*

ಆಗಸ್ಟಿನಲ್ಲಿ ಹುಡುಗಿ ವಾಪಸ್ಸು ಬಂದಳು. ಹಣ ಕೊಟ್ಟವರನ್ನೆಲ್ಲ ಚರ್ಚಿನ ಹಾಲಿಗೆ ಊಟಕ್ಕೆ ಕರೆದಿದ್ದರು. ಎಲ್ಲರೂ ಒಂದೊಂದು ಅಡಿಗೆ ತರಬೇಕು. ನಾನು ಚಿತ್ರಾನ್ನ ಮಾಡಿಕೊಂಡು ಹೋದೆ (ಅರ್ಧ ಉಳಿಯಿತು, ಆ ಮಾತು ಬೇಡ). ಊಟ ಆದ ಮೇಲೆ ಸ್ಲೈಡ್ ಶೋ. ಹಸಿರು ಗುಡ್ಡ, ಮಂಜು, ಗುಡ್ಡದ ತುಂಬಾ ಕಾಫಿ ಗಿಡ. ಹೊಂಡುರಾಸ್ ಮಧ್ಯ ಅಮೆರಿಕದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅಂತ ನನಗೆ ಗೊತ್ತಾದದ್ದೇ ಆಗ. ಒಂದು ಕ್ಷಣ ಕೊಡಗಿನ ಫೋಟೋ ನೋಡ್ತಾ ಇದ್ದೀನೇನೋ ಅನ್ನಿಸಿತು. ಆಮೇಲೆ ಮಕ್ಕಳ ಫೋಟೋಗಳು. ಅವಳ ಕೊರಳಿಗೆ ಜೋತುಬಿದ್ದ ಮಕ್ಕಳು, ಅವಳ ಜಡೆ ಹೆಣೆಯುವ ಮಕ್ಕಳು. ಜನ ಕಣ್ಣೊರೆಸಿಕೊಂಡರು. ಆಕೆಯ ಅಪ್ಪ ಹೆಮ್ಮೆಯಿಂದ ಕೂತಿದ್ದರು.

ಕಾರ್ಯಕ್ರಮ ಮುಗಿದು ಕುರ್ಚಿ ಮಡಚಿಡುವಾಗ ಅವಳ ಜೊತೆ ಮಾತಾಡಿದೆ. ನಾನು ಸುಮ್ಮನೆ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ನಿನಗೆ ಮರೆಯೋಕೆ ಆಗದೇ ಇರೋದು ಯಾವುದು?"

ಅವಳು ಸ್ಲೈಡಿನಲ್ಲಿ ಇಲ್ಲದ್ದನ್ನು ಹೇಳಿದಳು.

ಮಕ್ಕಳಿಗೆ ಕೈಕಾಲು ಆಡಿಸಿ ಹೇಳುವ ಒಂದು ಹಾಡು ಕಲಿಸಬೇಕಿತ್ತಂತೆ. ಮೊದಲ ದಿನವೇ ಮಕ್ಕಳು ಸಲೀಸಾಗಿ ಕಲಿತುಬಿಟ್ಟರು. ಇವಳಿಗೆ ಖುಷಿಯೋ ಖುಷಿ. ಮೂರು ನಾಲ್ಕು ವಾರ ಕಳೆದು ಇವಳಿಗೆ ಅಷ್ಟಿಷ್ಟು ಸ್ಪ್ಯಾನಿಷ್ ಬರಲು ಶುರುವಾದಾಗ ಶಾಲೆಯಲ್ಲಿ ಅಡಿಗೆ ಮಾಡುವ ಹೆಂಗಸು ನಗುತ್ತಾ ಹೇಳಿದಳಂತೆ: ಈ ಮಕ್ಕಳಿಗೆ ಆ ಹಾಡು ಮೂರು ವರ್ಷದಿಂದ ಬರುತ್ತೆ. ಬರುವ ಪ್ರತಿ ಗುಂಪೂ ಅದನ್ನೇ ಕಲಿಸುತ್ತೆ. ಗೊತ್ತಿದೆ ಅಂದರೆ ಬಂದವರಿಗೆ ಬೇಜಾರಾಗುತ್ತೆ ಅಂತ ಮಕ್ಕಳು ಪ್ರತಿ ಸಲ ಗೊತ್ತಿಲ್ಲದವರ ಹಾಗೆ ಮೊದಲಿನಿಂದ ಕಲೀತಾರೆ.

"ನಾನು ಅವರಿಗೆ ಸೇವೆ ಮಾಡ್ತಾ ಇದ್ದೀನಿ ಅಂದುಕೊಂಡಿದ್ದೆ. ಅವರೇ ನನ್ನನ್ನು ನೋಡಿಕೊಳ್ತಾ ಇದ್ದರು" ಅಂದಳು. ಹತ್ತೊಂಬತ್ತರ ಹುಡುಗಿ! ನಾನು ಕುರ್ಚಿ ಹಿಡಿದುಕೊಂಡು ಹಾಗೇ ನಿಂತೆ.

"ಇದನ್ನ ಸ್ಲೈಡಿನಲ್ಲಿ ಯಾಕೆ ಹೇಳಲಿಲ್ಲ?" ಅಂದೆ.

"ದುಡ್ಡು ಕೊಟ್ಟವರು ಕೂತಿದ್ದರಲ್ಲ" ಅಂದಳು.

*

ಇಲ್ಲಿಂದ ಮುಂದೆ ನನ್ನ ಅಭಿಪ್ರಾಯ.

ಬೇಸಿಗೆ ಮಿಷನ್ನಿನ ಮೊದಲ ತೊಂದರೆ ಇರುವುದು ಆ ಮಾತಿನಲ್ಲೇ. ಇಲ್ಲಿ ಗಿರಾಕಿ ಯಾರು? ಸಾಫ್ಟ್‌ವೇರಿನವರಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತೆ. ಬಿಲ್ ಯಾರು ಕಟ್ಟುತ್ತಾರೋ ಅವರಿಗೆ ಬೇಕಾದ ಹಾಗೆ ಪ್ರಾಡಕ್ಟ್ ತಯಾರಾಗುತ್ತೆ, ಬಳಸುವವನಿಗೆ ಬೇಕಾದ ಹಾಗಲ್ಲ. ಇಲ್ಲಿ ದುಡ್ಡು ಕೊಡುವವರು ಡಲ್ಲಾಸಿನವರು, ಹೋಗುವವರು ಡಲ್ಲಾಸಿನವರು, ಫೋಟೋ ನೋಡುವವರೂ ಡಲ್ಲಾಸಿನವರೇ. ಹಾಗಾಗಿ ಕೆಲಸವೂ ಅವರಿಗೆ ತಕ್ಕಂತೆ ತಯಾರಾಗುತ್ತೆ. ಎಂಟು ದಿನದಲ್ಲೋ ಎಂಟು ವಾರದಲ್ಲೋ ಮುಗಿಯಬೇಕು, ಭಾಷೆ ಬೇಕಿರಬಾರದು, ಕಸುಬು ಗೊತ್ತಿರಬೇಕಿಲ್ಲ, ಫೋಟೋದಲ್ಲಿ ಕಾಣಬೇಕು. ಗೋಡೆ ಕಟ್ಟು, ಬಣ್ಣ ಹೊಡಿ, ಮಕ್ಕಳ ಜೊತೆ ಆಡು. ಹೊಂಡುರಾಸಿನಲ್ಲಿ ಗಾರೆ ಕೆಲಸದವರಿಗೆ ಬರವಿಲ್ಲ. ಬರ ಇರುವುದು ಅವರಿಗೆ ಕೊಡುವ ಕೂಲಿಗೆ.

ಇದು ನನ್ನ ಊಹೆ ಅಲ್ಲ. ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞ ಇದನ್ನು ಅಳೆದು ನೋಡಿದ್ದಾರೆ. ಆಗ ಅಮೆರಿಕದ ಕ್ಯಾಲ್ವಿನ್ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು, ಸ್ವತಃ ಕ್ರೈಸ್ತ, ಹೊಂಡುರಾಸಿನಲ್ಲೇ ದಶಕಗಳಿಂದ ಮನೆ ಮಾಡಿಕೊಂಡಿರುವವರು. 1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಚಂಡಮಾರುತ ಹೊಂಡುರಾಸನ್ನು ಹೊಡೆದಾಗ ಆ ಪುಟ್ಟ ದೇಶದಲ್ಲೇ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಚರ್ಚಿನ ಗುಂಪುಗಳು ಸಾಲುಸಾಲಾಗಿ ಬಂದು ಮನೆ ಕಟ್ಟಿಕೊಟ್ಟವು. ಹಾಗೆ ಹೊರಗಿನವರು ಬಂದು ಕಟ್ಟಿದ ಮನೆಯಲ್ಲಿರುವವರನ್ನೂ, ಸ್ಥಳೀಯ ಕ್ರೈಸ್ತ ಸಂಸ್ಥೆ ಊರಿನವರಿಂದಲೇ ಕಟ್ಟಿಸಿದ ಮನೆಯಲ್ಲಿರುವವರನ್ನೂ ವೆರ್ ಬೀಕ್ ಮಾತಾಡಿಸಿದರು. ಎರಡೂ ಕಡೆಯವರ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಖರ್ಚಿನಲ್ಲಿ. ಒಂದು ಮನೆಗೆ ಸುಮಾರು 2,000 ಡಾಲರ್. ಅದನ್ನು ಕಟ್ಟಲು ಬಂದ ಒಂದು ಗುಂಪಿನ ಪ್ರವಾಸಕ್ಕೆ ಸುಮಾರು 30,000 ಡಾಲರ್. ಅಷ್ಟರಲ್ಲಿ ಹದಿನೈದು ಮನೆ ಏಳುತ್ತಿತ್ತು, ಆ ಊರಿನ ಗಾರೆಯವರಿಗೆ ಕೂಲಿಯೂ ಸಿಗುತ್ತಿತ್ತು.

ಇದಕ್ಕೆ ಹುಡುಗಿಯ ಅಪ್ಪ ಕೊಟ್ಟ ಉತ್ತರವನ್ನೂ ಹೇಳಬೇಕು, ಇಲ್ಲದಿದ್ದರೆ ಮೋಸವಾಗುತ್ತೆ. ಒಂದು ದಿನ ಊಟದ ಹೊತ್ತಿನಲ್ಲಿ ಈ ಲೆಕ್ಕ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ನಿನ್ನ ಲೆಕ್ಕ ಸರಿ. ಆದರೆ ನನ್ನ ಮಗಳು ಹೋಗದೇ ಇದ್ದಿದ್ದರೆ ಆ 4,200 ಡಾಲರ್ ಹೊಂಡುರಾಸಿಗೆ ಹೋಗ್ತಿತ್ತಾ? ನೀನು ಐವತ್ತು ಡಾಲರ್ ಕಳಿಸ್ತಿದ್ದೆಯಾ? ಜನ ದುಡ್ಡು ಕೊಡೋದು ಮುಖ ನೋಡಿ. ಇವಳು ಹೋಗಿ ಬಂದರೆ ಇನ್ನು ಜೀವಮಾನವೆಲ್ಲ ಕೊಡುವವಳಾಗ್ತಾಳೆ" ಅಂದರು.

ಮಾತು ಗಟ್ಟಿಯಾಗಿದೆ. ಮೊದಲರ್ಧ ನಿಜವೂ ಹೌದು, ನಾನು ಕೊಟ್ಟದ್ದು ಮುಖ ನೋಡಿಯೇ. ಎರಡನೇ ಅರ್ಧವನ್ನೂ ವೆರ್ ಬೀಕ್ ಪರೀಕ್ಷೆ ಮಾಡಿದ್ದಾರೆ. ಹೋಗಿ ಬಂದವರಲ್ಲಿ ಬಹಳ ಜನ ತಮ್ಮ ಬದುಕೇ ಬದಲಾಯಿತು ಅಂದರಂತೆ. ಆದರೆ ಆಮೇಲೆ ಅವರು ಕೊಟ್ಟ ದಾನದ ಲೆಕ್ಕ ತೆಗೆದರೆ ಏರಿಕೆ ತೀರಾ ಕಡಿಮೆ. ಜಿಮ್ಮಿಗೆ ಸೇರಿದ ಮೊದಲ ವಾರದ ಉತ್ಸಾಹದ ಥರ. ಹಿಂದೆ ಯಾರೂ ಬೆನ್ನು ಹತ್ತದಿದ್ದರೆ ಇಳಿದುಹೋಗುತ್ತೆ.

ಇನ್ನೂ ಹಿಂದೆ ಹೋದರೆ, 1968ರ ಏಪ್ರಿಲ್‌ನಲ್ಲಿ ಇವಾನ್ ಇಲಿಚ್ ಎಂಬ ಕ್ಯಾಥೊಲಿಕ್ ಪಾದ್ರಿ ಬೇಸಿಗೆಯಲ್ಲಿ ಮೆಕ್ಸಿಕೋ ಹಳ್ಳಿಗಳಿಗೆ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಸಭೆಗೇ ಹೋಗಿ ಭಾಷಣ ಮಾಡಿದ. ಸಾರಾಂಶ ಇಷ್ಟೇ: ನಿಮ್ಮ ಒಳ್ಳೇ ಉದ್ದೇಶ ನಮಗೆ ಬೇಡ. ಭಾಷೆ ಬಾರದ ನೀವು ಅಲ್ಲಿ ಮಾಡುವ ಅಧ್ವಾನ ನಿಮಗೆ ಗೊತ್ತೇ ಆಗುವುದಿಲ್ಲ. ನೋಡೋಕೆ ಬನ್ನಿ, ಓದೋಕೆ ಬನ್ನಿ, ಬೆಟ್ಟ ಹತ್ತೋಕೆ ಬನ್ನಿ, ಸಹಾಯ ಮಾಡ್ತೀವಿ ಅಂತ ಮಾತ್ರ ಬರಬೇಡಿ. ಅತಿಥಿಯನ್ನು ಕರೆದು ಹೀಗೆ ಬೈಸಿಕೊಳ್ಳುವ ಧೈರ್ಯ ಆ ವಿದ್ಯಾರ್ಥಿ ಸಂಘಟನೆಗೂ ಇತ್ತಲ್ಲ, ಅದನ್ನು ಮೆಚ್ಚಬೇಕು.

*

ಇಷ್ಟು ಓದಿ "ಹೌದು ಮಾರಾಯ, ಈ ಬಿಳಿಯರೇ ಹೀಗೆ" ಅಂತ ತಲೆಯಾಡಿಸುತ್ತಿದ್ದರೆ ಸ್ವಲ್ಪ ತಾಳಿ. ನನ್ನದೂ ಒಂದಿದೆ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿಯಿತು. ನಾನಾಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಹಾಸ್ಟೆಲಿನ ಹನ್ನೊಂದು ಹುಡುಗರು ಸೇರಿ ಮನೆಮನೆಗೆ ಹೋಗಿ ಹಳೇ ಬಟ್ಟೆ ಕೂಡಿಸಿದೆವು. ಒಂದು ಟೆಂಪೋ ಟ್ರಾವೆಲರ್ ಮಾಡಿಕೊಂಡು, ಮುಂದೆ ಬ್ಯಾನರ್ ಕಟ್ಟಿಕೊಂಡು, ಕುಶಾಲನಗರದ ಕಡೆಯ ಒಂದು ಪರಿಹಾರ ಕೇಂದ್ರಕ್ಕೆ ಹೋದೆವು. ಹೋಗುವಾಗ ಹಾಡು, ಫೋಟೋ, ಎಲ್ಲ ಆಯ್ತು. ಅಲ್ಲಿ ನೋಡಿದರೆ ಒಂದು ಕೋಣೆಯ ತುಂಬಾ ಮಾಡಿನ ತನಕ ಹಳೇ ಬಟ್ಟೆ. ನಮ್ಮಂಥವರು ಮೂರು ದಿನದಿಂದ ತಂದು ಸುರಿದದ್ದು. ಹರಿದ ಸೀರೆ, ಗುಂಡಿ ಇಲ್ಲದ ಷರಟು, ಯಾರದೋ ಮದುವೆಯ ಸೂಟು. ಉಸ್ತುವಾರಿ ನೋಡುತ್ತಿದ್ದ ಒಬ್ಬ ಅಕ್ಕ ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮಲ್ಲಿ ಯಾರಿಗಾದ್ರೂ ಅಡಿಗೆ ಮಾಡೋಕೆ ಬರುತ್ತಾ?" ಅಂತ ಕೇಳಿದರು.

ಹನ್ನೊಂದು ಜನ. ಒಬ್ಬನಿಗೂ ಬರುತ್ತಿರಲಿಲ್ಲ.

"ಹಂಗಾದ್ರೆ ಊಟ ಮಾಡ್ಕೊಂಡು ಹೋಗಿ" ಅಂದರು ಆ ಅಕ್ಕ. ಮನೆ ಕಳಕೊಂಡವರ ಸಾಲಿನಲ್ಲಿ ಕೂತು, ಅವರಿಗೆ ಅಂತ ಮಾಡಿದ ಅನ್ನ ಸಾರು ಉಂಡು ಬಂದೆವು. ಫೇಸ್‌ಬುಕ್ಕಿನಲ್ಲಿ ಹಾಕಿದ ಫೋಟೋದಲ್ಲಿ ಆ ಊಟ ಇಲ್ಲ. ಬಟ್ಟೆ ಕೊಡುತ್ತಿರುವ ಫೋಟೋ ಇದೆ. ಅದಕ್ಕೆ ನೂರೆಂಬತ್ತು ಲೈಕು ಬಂದಿತ್ತು.

ಇನ್ನು ಈಗಿನದ್ದು. ಕಂಪನಿಗಳು ಸಮಾಜ ಸೇವೆ ಅಂತ ವರ್ಷಕ್ಕೊಂದು ಶನಿವಾರ ನಮ್ಮನ್ನು ಬಸ್ಸಿನಲ್ಲಿ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋಗುವುದಿಲ್ಲವೇ? ಒಂದೇ ಬಣ್ಣದ ಟೀ ಶರ್ಟು, ಗೋಡೆಗೆ ಬಣ್ಣ, ಮಕ್ಕಳ ಜೊತೆ ಗ್ರೂಪ್ ಫೋಟೋ, ಬಿರಿಯಾನಿ, ವಾಪಸ್ಸು. ಸೋರುವ ಮಾಡು ಹಾಗೇ ಸೋರುತ್ತಿರುತ್ತೆ, ಯಾಕೆಂದರೆ ಮಾಡು ರಿಪೇರಿ ಒಂದು ಶನಿವಾರದಲ್ಲಿ ಆಗುವುದಲ್ಲ, ಫೋಟೋದಲ್ಲಿ ಕಾಣುವುದೂ ಅಲ್ಲ. ಅವರ ಟೀ ಶರ್ಟಿನ ಮೇಲೆ ವಚನ, ನಮ್ಮ ಟೀ ಶರ್ಟಿನ ಮೇಲೆ ಲೋಗೋ. ಅಷ್ಟೇ ವ್ಯತ್ಯಾಸ.

*

ನಮ್ಮವರು ಕೇಳುವ ಇನ್ನೊಂದು ಪ್ರಶ್ನೆ ಇದೆ. ಆನ್‌ಸೈಟ್ ರೂಮ್‌ಮೇಟ್ ಮೊದಲು ಕೇಳಿದ್ದೂ ಅದನ್ನೇ: "ಮತಾಂತರಕ್ಕೆ ದುಡ್ಡು ಕೊಟ್ಯಲ್ಲೋ?"

ಹೊಂಡುರಾಸಿನ ಮಟ್ಟಿಗೆ ಈ ಪ್ರಶ್ನೆಯೇ ವಿಚಿತ್ರ. ಅಲ್ಲಿಯ ಬಹುಪಾಲು ಜನ ಆಗಲೇ ಕ್ರೈಸ್ತರು. ಕ್ಯಾಥೊಲಿಕ್ಕರು ಒಂದಷ್ಟು, ಇವಾಂಜೆಲಿಕಲ್ ಚರ್ಚಿನವರು ಒಂದಷ್ಟು. ಈ ಹುಡುಗಿ ಹೋಗಿ ಬೈಬಲ್ ಕತೆ ಹೇಳಿದ್ದು ಅಜ್ಜಿಯ ಬಾಯಿಂದ ಆ ಕತೆ ಕೇಳಿ ಬೆಳೆದ ಮಕ್ಕಳಿಗೆ. ಅಲ್ಲಿ ನಡೆಯುತ್ತಿರುವುದು ಧರ್ಮದ ಬದಲಾವಣೆಗಿಂತ ಹೆಚ್ಚಾಗಿ ದೊಡ್ಡ ದೇಶದ ಹುಡುಗರು ಸಣ್ಣ ದೇಶದ ಜನರ ಮುಂದೆ ತಮ್ಮ ನಂಬಿಕೆಯನ್ನು ಗಟ್ಟಿ ಮಾಡಿಕೊಳ್ಳುವ ಕೆಲಸ.

ಬೇರೆ ಕಡೆ ಪ್ರಶ್ನೆ ಪೊಳ್ಳಲ್ಲ, ಒಪ್ಪುತ್ತೇನೆ. ತನ್ನ ನಂಬಿಕೆಯನ್ನು ಇನ್ನೊಬ್ಬರಿಗೆ ಹೇಳುವ ಹಕ್ಕು ಯಾರಿಗೂ ಇದೆ ಅನ್ನುವವನು ನಾನು. ಆದರೆ ಔಷಧಿಯ ಜೊತೆಗೆ, ಅನ್ನದ ಜೊತೆಗೆ ಅದನ್ನು ಕಟ್ಟಿ ಕೊಟ್ಟರೆ ಕೇಳುವವನಿಗೆ ಬೇಡ ಅನ್ನುವ ಸ್ವಾತಂತ್ರ್ಯ ಉಳಿಯುವುದಿಲ್ಲ. ಹಸಿದವನು ಹೂಂ ಅಂದದ್ದನ್ನು ಒಪ್ಪಿಗೆ ಅನ್ನಬಾರದು. ಇನ್ನು ಉತ್ಸಾಹ ತಲೆಗೇರಿದರೆ ಏನಾಗುತ್ತೆ ಅನ್ನುವುದಕ್ಕೆ 2018ರ ನವೆಂಬರಿನಲ್ಲಿ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋಗಿ ಸತ್ತ ಜಾನ್ ಅಲೆನ್ ಚೌ ಇದ್ದಾನೆ. ಇಪ್ಪತ್ತಾರು ವರ್ಷದ ಅಮೆರಿಕದ ಹುಡುಗ. ಯಾರೂ ಹೋಗಬಾರದು ಅಂತ ಕಾನೂನಿರುವ ಜಾಗ. ಹೊರಗಿನವರ ಒಂದು ನೆಗಡಿ ಕೂಡ ಆ ಜನಕ್ಕೆ ಮೃತ್ಯುವಾಗಬಹುದು. ಅವನು ಪ್ರಾಣ ಕೊಟ್ಟ, ನಿಜ. ಆದರೆ ಪಣಕ್ಕಿಟ್ಟದ್ದು ತನ್ನೊಬ್ಬನ ಪ್ರಾಣವನ್ನಲ್ಲ. ದುಡ್ಡಿಗಾಗಿ ಅವನನ್ನು ದೋಣಿಯಲ್ಲಿ ಬಿಟ್ಟು ಬಂದ ಮೀನುಗಾರರು ಜೈಲು ಸೇರಿದರು. ಒಳ್ಳೇ ಉದ್ದೇಶದ ಬಿಲ್ಲು ಯಾವಾಗಲೂ ಇನ್ಯಾರದೋ ಮನೆಗೆ ಹೋಗುತ್ತೆ.

ಹಾಗಾದರೆ ನನ್ನನ್ನು ಹುಟ್ಟಿಸಿದ ಮಿಷನ್ ಆಸ್ಪತ್ರೆ? ಕನ್ನಡ ನಿಘಂಟು ಅಂದ ಕೂಡಲೇ ನೆನಪಾಗುವ ಕಿಟ್ಟೆಲ್? ಅವರೂ ಮಿಷನರಿಗಳೇ ತಾನೆ?

ಹೌದು. ಫರ್ಡಿನಾಂಡ್ ಕಿಟ್ಟೆಲ್ ಬಾಸೆಲ್ ಮಿಷನ್ ಕಡೆಯಿಂದ 1853ರಲ್ಲಿ ಇಲ್ಲಿಗೆ ಬಂದಾಗ ಅವನಿಗೆ ಇಪ್ಪತ್ತೊಂದು ವರ್ಷ. ನಮ್ಮ ಡಲ್ಲಾಸಿನ ಹುಡುಗಿಗಿಂತ ಎರಡೇ ವರ್ಷ ದೊಡ್ಡವನು. ಬಂದದ್ದು ಧರ್ಮ ಪ್ರಚಾರಕ್ಕೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬಂದವನು ಕೂತು ಕನ್ನಡ ಕಲಿತ. ಧಾರವಾಡ, ಮಂಗಳೂರು, ಮಡಿಕೇರಿ ಅಂತ ಇದ್ದು, ನಮ್ಮ ಪಂಡಿತರ ಮುಂದೆ ಶಿಷ್ಯನಾಗಿ ಕೂತು ಹಳಗನ್ನಡ ಓದಿದ. ನಿಘಂಟು ಅಚ್ಚಾದದ್ದು 1894ರಲ್ಲಿ. ಬಂದು ನಲವತ್ತೊಂದು ವರ್ಷದ ಮೇಲೆ! ಅವನು ಎಷ್ಟು ಜನರನ್ನು ಕ್ರೈಸ್ತರನ್ನಾಗಿ ಮಾಡಿದ ಅಂತ ಈವತ್ತು ಯಾರೂ ಕೇಳುವುದಿಲ್ಲ. ಕನ್ನಡದ ಎಪ್ಪತ್ತು ಸಾವಿರ ಪದ ಕೂಡಿಸಿದ ಅಂತ ಎಲ್ಲರಿಗೂ ಗೊತ್ತು. ಕಲಿಸಲು ಬಂದವನು ಕಲಿತದ್ದರಿಂದ ಉಳಿದ.

ವೆರ್ ಬೀಕ್ ಕತೆಯೂ ಹಾಗೇ. ಆತ ಹೊಂಡುರಾಸಿನ ಗೆಳೆಯರ ಜೊತೆ ಸೇರಿ 1998ರಲ್ಲಿ ಒಂದು ನ್ಯಾಯಪರ ಸಂಸ್ಥೆ ಕಟ್ಟಿದರು. ಗೋಡೆಗೆ ಬಣ್ಣ ಹೊಡೆಯುವ ಸಂಸ್ಥೆ ಅಲ್ಲ. ಕೂಲಿ ವಂಚನೆ, ಭ್ರಷ್ಟಾಚಾರದ ವಿರುದ್ಧ ಕಾನೂನಿನ ದಾರಿಯಲ್ಲಿ ಹೋರಾಡುವುದು. ಸೆಕ್ಯೂರಿಟಿ ಗಾರ್ಡುಗಳ ಸಂಬಳದ ಕೇಸುಗಳನ್ನು ನಡೆಸುತ್ತಿದ್ದ ಅದರ ವಕೀಲ ದಿಯೊನಿಸಿಯೊ ದಿಯಾಸ್ ಗಾರ್ಸಿಯಾ ಅವರನ್ನು 2006ರ ಡಿಸೆಂಬರಿನಲ್ಲಿ ರಾಜಧಾನಿ ತೆಗುಸಿಗಾಲ್ಪದಲ್ಲಿ ಗುಂಡಿಟ್ಟು ಕೊಂದರು. ಕ್ರೈಸ್ತ ನಂಬಿಕೆಯಿಂದ ಮಾಡುವ ಸೇವೆ ಅಂದರೆ ಇದೂ ಹೌದು. ಆದರೆ ಇದರ ಮುಂದೆ ನಿಂತವರು ಆ ಊರಿನವರೇ, ಮತ್ತು ಇದು ಎಂಟು ವಾರಕ್ಕೆ ಮುಗಿಯುವುದಲ್ಲ.

*

ಹಾಗಂತ ಯಾರೂ ಎಲ್ಲಿಗೂ ಹೋಗಲೇಬಾರದು ಅನ್ನುತ್ತೀನಾ? ಇಲ್ಲ. ಹೋಗಲಿ. ಆದರೆ ಹೊರಡುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಲಿ. ಈ ಕೆಲಸವನ್ನು ನನ್ನ ಊರಿನಲ್ಲಿ ನನಗೆ ಯಾರಾದರೂ ಕೊಡುತ್ತಿದ್ದರಾ? (ಗಾರೆ ಹಿಡಿಯಲು ಬಾರದವನನ್ನು ಡಲ್ಲಾಸಿನಲ್ಲಿ ಯಾರೂ ಗೋಡೆ ಕಟ್ಟಲು ಕರೆಯುವುದಿಲ್ಲ.) ಆ ಊರಿನವರು ನನ್ನನ್ನು ಕರೆದಿದ್ದಾರಾ, ಅಥವಾ ನಾನೇ ಬರುತ್ತೀನಿ ಅಂದಿದ್ದಕ್ಕೆ ಮರ್ಯಾದೆಗೆ ಆಗಲಿ ಅಂದಿದ್ದಾರಾ? ಬಂದ ಮೇಲೆ ಅಲ್ಲಿಯ ಒಬ್ಬ ಮನುಷ್ಯನ ಹೆಸರಾದರೂ ಐದು ವರ್ಷದ ಮೇಲೆ ನನಗೆ ನೆನಪಿರುತ್ತಾ? ಮೂರಕ್ಕೂ ಉತ್ತರ ಸರಿಯಿದ್ದರೆ ಹೋಗಲಿ. ಇಲ್ಲದಿದ್ದರೆ ಪ್ರವಾಸ ಅಂತಲೇ ಹೆಸರಿಟ್ಟು, ತನ್ನ ದುಡ್ಡಿನಲ್ಲೇ, ಖುಷಿಯಾಗಿ ಹೋಗಿ ಬರಲಿ. ಪ್ರವಾಸ ಪಾಪವಲ್ಲ. ಅದನ್ನು ಸೇವೆ ಅಂತ ಬಿಲ್ ಮಾಡುವುದು ತಪ್ಪು.

ಈ ಮೂರೂ ಪ್ರಶ್ನೆ ನಮಗೂ ಅನ್ವಯಿಸುತ್ತೆ. 2018ರಲ್ಲಿ ನನಗೆ ಮೂರರಲ್ಲೂ ಸೊನ್ನೆ. ಆ ಅಕ್ಕನ ಹೆಸರು ಕೂಡ ನನಗೆ ಗೊತ್ತಿಲ್ಲ. ಆಮೇಲೆ ಮಾಡಿದ ಒಂದೇ ಒಳ್ಳೇ ಕೆಲಸ ಅಂದರೆ ಅಡಿಗೆ ಕಲಿತದ್ದು :-)

ಈ ವರ್ಷ ಮತ್ತೆ ಡಲ್ಲಾಸಿನಿಂದ ಒಂದು ಮೇಲ್ ಬಂತು. ಈ ಸಲ ಆ ಹುಡುಗಿಯ ತಮ್ಮ ಹೊರಟಿದ್ದಾನೆ. ಅದೇ ಪತ್ರ, ಅದೇ ಮೂರು ಚೌಕ. ನಾನು ಅವಳ ಅಪ್ಪನಿಗೆ ಬರೆದೆ: ಐವತ್ತು ಡಾಲರ್ ಕೊಡ್ತೀನಿ, ಆದರೆ ಪ್ರವಾಸಕ್ಕಲ್ಲ, ನೇರವಾಗಿ ಆ ಊರಿನವರಿಗೆ. ಅವರು ಒಂದೇ ಸಾಲಿನ ಉತ್ತರ ಬರೆದರು: "ಖಂಡಿತ. ಯಾರಿಗೆ?"

ನಾನು ಆ ಸಾಲು ನೋಡುತ್ತಾ ತುಂಬಾ ಹೊತ್ತು ಕೂತೆ. ಹೊಂಡುರಾಸಿನಲ್ಲಿ ನನಗೆ ಗೊತ್ತಿರುವವರು ಒಬ್ಬರೇ, ಮಕ್ಕಳಿಗೆ ಹಾಡು ಗೊತ್ತು ಅಂತ ಹೇಳಿಕೊಟ್ಟ ಆ ಅಡಿಗೆಯಾಕೆ. ಆಕೆ ಗೊತ್ತಾದದ್ದು ಈ ಹುಡುಗಿ ಹೋಗಿದ್ದರಿಂದಲೇ.

ಹುಡುಗಿಗೆ ಮೆಸೇಜ್ ಮಾಡಿದೆ. ಈಗ ಸ್ಪ್ಯಾನಿಷ್ ಕ್ಲಾಸಿಗೆ ಸೇರಿದ್ದಾಳಂತೆ, ಶನಿವಾರ ಡಲ್ಲಾಸಿನಲ್ಲೇ ವಲಸಿಗರು ಹೆಚ್ಚು ಬರುವ ಒಂದು ಕ್ಲಿನಿಕ್ಕಿಗೆ ಹೋಗುತ್ತಾಳಂತೆ. ಅಡಿಗೆಯಾಕೆಯ ಜೊತೆ ವಾಟ್ಸಪ್ಪಿನಲ್ಲಿ ಮಾತು ಈಗಲೂ ಇದೆ. ಕೇಳಿ ಹೇಳಿದಳು: ಶಾಲೆಯ ಒಲೆಯ ಹೊಗೆ ಹೊರಗೆ ಹೋಗುವ ಕೊಳವೆ ತೂತು ಬಿದ್ದಿದೆ, ಅದನ್ನು ಬದಲಾಯಿಸಬೇಕು. ಊರಿನಲ್ಲೇ ಮಾಡುವವನು ಇದ್ದಾನೆ.

ಕಳಿಸಿದೆ. ಫೋಟೋ ಬೇಡ ಅಂತಲೂ ಹೇಳಿದೆ.

ಪಿರಿಯಾಪಟ್ಟಣದ ಶಾಲೆಯ ಮಾಡಿನ ವಿಷಯ ಅಮ್ಮ ಇನ್ನೂ ಬಿಟ್ಟಿಲ್ಲ. ಮುಂದಿನ ಶನಿವಾರ ಹೋಗಿ ಹೆಡ್‌ಮಾಸ್ಟರ್ ಹತ್ತಿರ ಏನು ಬೇಕು ಅಂತ ಕೇಳಿ ಬರುತ್ತೇನೆ. ಬಣ್ಣದ ಡಬ್ಬಿ ತಗೊಂಡು ಹೋಗುವುದಿಲ್ಲ. ಚಾರ್ಜ್ ಮುಗೀತಾ ಬಂತು, ಇಲ್ಲಿಗೆ ಸಾಕು. ನಿಮ್ಮದೂ ಇಂಥದ್ದೊಂದು ಟೆಂಪೋ ಟ್ರಾವೆಲರ್ ಕತೆ ಇದ್ದೇ ಇರುತ್ತೆ, ಒಮ್ಮೆ ನೆನಪು ಮಾಡಿಕೊಂಡು ನೋಡಿ. ಏನಂತೀರಿ?